ಗೋಣಿಚೀಲವೂ ಚಿತ್ರವಾದೀತೇ?



ಡ್ರಾಯಿಂಗ್ ಪೀರಿಯಡ್ ಅಂದ ಕೂಡಲೇ ನಮ್ಮ ಕೈ ತಾನಾಗಿಯೇ ಏನು ಬರೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ, ಮುಂದೆ ಹೊಳೆ. ನಮ್ಮೂರಲ್ಲಿ ಹೊಳೆಯೇ ಇಲ್ಲ, ಆದರೂ 38 ಪುಸ್ತಕದಲ್ಲಿ 38 ಹೊಳೆ ಹರಿಯುತ್ತೆ! ಕೈ ಪಳಗಲಿಕ್ಕೆ ಅದೂ ಬೇಕು, ಇರಲಿ. ಆದರೆ ಈಗ ಬದುಕಿರುವ, ಈಗ ಕೆಲಸ ಮಾಡುತ್ತಿರುವ ಕಲಾವಿದರು ಏನು ಮಾಡುತ್ತಾರೆ, ಅವರಿಂದ ನಮ್ಮ ಶಾಲೆಯ ಕೆಲಸಕ್ಕೆ ಏನು ಸಿಗುತ್ತೆ ಅಂತ ಹೇಳಲು ಈ ಲೇಖನ ಬರೆದಿದ್ದೇನೆ. ಇದಕ್ಕೆ ಸಮಕಾಲೀನ ಕಲೆ ಅಂತಾರೆ. ಹೆಸರು ದೊಡ್ಡದು, ಆದರೆ ಸಾಮಾನು ನಮ್ಮ ಅಟ್ಟದ ಮೇಲೇ ಇದೆ.

ಆಫ್ರಿಕಾದ ಪಶ್ಚಿಮ ಭಾಗದಲ್ಲಿ ಘಾನಾ ಅಂತ ಒಂದು ದೇಶ ಇದೆ. (ಆಫೀಸ್ ರೂಮಿನ ಭೂಪಟದಲ್ಲಿ ನೋಡಿ, ಸಮುದ್ರದ ಅಂಚಿನಲ್ಲಿದೆ.) ಅಲ್ಲಿಯ ಕಲಾವಿದರು ಇಬ್ರಾಹಿಂ ಮಹಾಮಾ. 1987ರಲ್ಲಿ ಟಮಾಲೆ ಎಂಬ ಊರಿನಲ್ಲಿ ಹುಟ್ಟಿದರು, ಕುಮಾಸಿಯ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದಿದರು. ಆದರೆ ಅವರಿಗೆ ಹೆಸರು ತಂದದ್ದು ಬಣ್ಣ ಕುಂಚ ಅಲ್ಲ, ಹಳೇ ಗೋಣಿಚೀಲ. ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಹೊಲಿದು, ಇಡೀ ಕಟ್ಟಡಕ್ಕೇ ಕಂಬಳಿ ಹೊದಿಸಿದ ಹಾಗೆ ಹೊದಿಸುತ್ತಾರೆ. 2015ರಲ್ಲಿ ಇಟಲಿಯ ವೆನಿಸ್ ನಗರದ ದೊಡ್ಡ ಕಲಾ ಪ್ರದರ್ಶನದಲ್ಲಿ ಒಂದು ಉದ್ದನೆಯ ಓಣಿಯ ಎತ್ತರದ ಗೋಡೆಗಳಿಗೆ ಹೊದಿಸಿದರು. 2017ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ಹಳೆಯ ಕಾವಲು ಕಟ್ಟಡಕ್ಕೆ ಹೊದಿಸಿದರು. ಅವರು ಟಮಾಲೆಯಲ್ಲಿ ಕಲಾಕೇಂದ್ರವನ್ನೂ ತೆರೆದಿದ್ದಾರೆ. ಹಾರಾಟ ನಿಲ್ಲಿಸಿದ ವಿಮಾನಗಳನ್ನು ಊರಿಗೆ ತಂದು ಮಕ್ಕಳ ಪಾಠಕ್ಕೆ ಬಿಟ್ಟಿದ್ದಾರೆ. ನಮ್ಮ ಹುಡುಗರಿಗೆ ಚೀಲಕ್ಕಿಂತ ಇದೇ ಹೆಚ್ಚು ಇಷ್ಟವಾಯಿತು!

ಡ್ರಾಯಿಂಗ್ ಮಿಸ್ ಫೋನಿನಲ್ಲಿ ಫೋಟೋ ತೋರಿಸಿದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಇದರಲ್ಲಿ ಚಿತ್ರ ಎಲ್ಲಿದೆ? ಅದಕ್ಕೆ ಉತ್ತರ ಬೇಕಾದರೆ ಚೀಲದ ಕಥೆ ಕೇಳಬೇಕು.

ಘಾನಾದಲ್ಲಿ ಕೋಕೋ ಬೆಳೆಯುತ್ತಾರೆ. ಚಾಕೊಲೇಟ್ ಮಾಡೋದು ಅದರ ಬೀಜದಿಂದಲೇ. ಬೀಜ ತುಂಬಲು ಸೆಣಬಿನ ಚೀಲ ಬೇಕು, ಆ ಚೀಲ ಏಷ್ಯಾದಿಂದ ಹೋಗುತ್ತೆ. ಸೆಣಬು ಹೆಚ್ಚಾಗಿ ಬೆಳೆಯೋದು ಪಶ್ಚಿಮ ಬಂಗಾಳ, ಬಾಂಗ್ಲಾದೇಶದ ಕಡೆ ತಾನೇ. ಮೊದಲು ಕೋಕೋ ತುಂಬಿದ ಚೀಲ ಆಮೇಲೆ ಬೇರೆ ಧಾನ್ಯಕ್ಕೆ ಬರುತ್ತೆ, ಸವೆದು ಹರಿದ ಮೇಲೆ ಇದ್ದಿಲು ತುಂಬಲಿಕ್ಕೆ. ಕೈಯಿಂದ ಕೈಗೆ ಹೋಗುವಾಗ ಅದರ ಮೇಲೆ ಮುದ್ರೆ, ಹೆಸರು, ತೇಪೆ, ಮಸಿ ಎಲ್ಲ ಸೇರಿಕೊಳ್ಳುತ್ತೆ. ಮಹಾಮಾ ಅವರಿಗೆ ಬೇಕಾದದ್ದು ಇದೇ. ವ್ಯಾಪಾರಿಗಳಿಗೆ ಹೊಸ ಚೀಲ ಕೊಟ್ಟು ಹಳೇದು ತಗೋತಾರೆ. ಇದನ್ನು ನಮ್ಮಜ್ಜಿಗೆ ಹೇಳಿದರೆ, "ಆ ವಯ್ಯನಿಗೆ ಬುದ್ಧಿ ನೆಟ್ಟಗಿದೆಯಾ?" ಅಂದರು.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ನಾಟಿತು. ಕೂಲಿಗಾಗಿ ಊರು ಬಿಟ್ಟು ದೂರ ಬಂದ ಕೆಲಸಗಾರರು ಅಲ್ಲಿ ಮುಂಗೈ ಮೇಲೆ ಹೆಸರು ಹಚ್ಚೆ ಹಾಕಿಸಿಕೊಳ್ಳುತ್ತಾರಂತೆ. ಏನಾದರೂ ಅಪಘಾತವಾದರೆ ಇವರು ಯಾರ ಕಡೆಯವರು ಅಂತ ಗೊತ್ತಾಗಲಿ ಎಂದು. ಆ ಕೈಗಳ ಫೋಟೋಗಳನ್ನೂ ಮಹಾಮಾ ತೆಗೆದಿದ್ದಾರೆ. ಚೀಲದ ಮೇಲೂ ಹೆಸರು, ಕೈ ಮೇಲೂ ಹೆಸರು. ರಾಜಧಾನಿ ಅಕ್ರಾದ ರಾಷ್ಟ್ರೀಯ ರಂಗಮಂದಿರದಂಥ ಕಟ್ಟಡಕ್ಕೆ ಈ ಚೀಲ ಹೊದಿಸಿದರೆ, ಹೊತ್ತವರು ಯಾರು, ಲಾಭ ಪಡೆದವರು ಯಾರು ಅನ್ನೋ ಪ್ರಶ್ನೆ ಕಟ್ಟಡದ ಮೇಲೇ ಬಂದು ಕೂತ ಹಾಗಾಯಿತು. ಚಿತ್ರ ಇರೋದು ಅಲ್ಲಿ ಅಂತ ನನಗೆ ಅನ್ನಿಸಿತು.

ಕೆಲವರು "ನಾವೂ ಶಾಲೆಗೆ ಚೀಲ ಹೊದಿಸೋಣ" ಅಂದರು. ಹಾಗೆ ಮಾಡಿದರೆ ಅದು ನಕಲು, ಗುಡ್ಡ ಸೂರ್ಯ ಬರೆದ ಹಾಗೇ. ಅವರ ಕಟ್ಟಡ ಅವರಿಗಿರಲಿ, ಅವರ ಪ್ರಶ್ನೆ ಮಾತ್ರ ನಾವು ತಗೊಳ್ಳೋಣ ಅಂತ ತೀರ್ಮಾನವಾಯಿತು. ಆದ್ದರಿಂದ ಹೊಲಿಯುವ ಮೊದಲು ಚೀಲ ಓದಬೇಕು! 7 ಜನ ಮನೆಯಿಂದ ಒಂದೊಂದು ಚೀಲ ತಂದೆವು, 2 ಚೀಲ ಬಿಸಿಯೂಟದ ಉಗ್ರಾಣದಿಂದ. (ಖಾಲಿ ಚೀಲಕ್ಕೂ ಲೆಕ್ಕ ಇದೆ, ಕತ್ತರಿಸಬಾರದು, ವಾಪಸ್ ಕೊಡಬೇಕು ಅಂತ ಹೆಡ್ ಮೇಷ್ಟ್ರು ಹೇಳಿದ್ದಾರೆ. ಅದಕ್ಕೇ ಆ ಎರಡಕ್ಕೆ ಮಾತ್ರ ಸಡಿಲ ಹೊಲಿಗೆ.) ಒಂದೊಂದು ಚೀಲಕ್ಕೂ ಚೀಟಿ ಬರೆದೆವು: ಎಲ್ಲಿಂದ ಬಂತು, ಏನು ತುಂಬಿತ್ತು, ಯಾರು ಹೊತ್ತರು. ಬಿಸಿಯೂಟದ ಒಂದು ಚೀಲದ ಮೇಲೆ ಪಂಜಾಬ್ ಅಂತ ಮುದ್ರೆ ಇತ್ತು. ನಾವು ಯಾರೂ ನೋಡದ ಊರಿನ ಅಕ್ಕಿ ದಿನಾ ಉಣ್ಣುತ್ತಿದ್ದೇವೆ! ಒಂದರ ಮೇಲೆ ಮಂಡಿಯವರ ಕೆಂಪು ಗುರುತು. ಒಂದು ರಾಗಿಗೆ ಇದ್ದದ್ದು, ಆಮೇಲೆ ಹಿಂಡಿಗೆ, ಆಮೇಲೆ ಮಳೆಗಾಲದ ಗೋಣಿಕೊಪ್ಪೆ. ಹಿಂದೆ ತಲೆ ತಾಗುವ ಜಾಗ ಎಣ್ಣೆಯಿಂದ ಕಪ್ಪಾಗಿದೆ.

ಎಲ್ಲ ಚೀಟಿ ಒಟ್ಟಿಗೆ ಇಟ್ಟಾಗ ಒಂದು ಸಂಗತಿ ಕಂಡಿತು. ಚೀಲಗಳು ಬದಲಾಗದಿರಲಿ ಅಂತ ಮನೆಯವರು ಬರೆದ ಹೆಸರು, ಇನಿಷಿಯಲ್ ಎಲ್ಲವೂ ಗಂಡಸರದ್ದೇ. ಒಂದರಲ್ಲೂ ಹೆಂಗಸರ ಹೆಸರಿಲ್ಲ. ಕಣದಲ್ಲಿ ಚೀಲದ ಬಾಯಿ ಹಿಡಿಯೋದು ಯಾರು? ಮೊರದಲ್ಲಿ ತುಂಬೋದು ಯಾರು? ನಮ್ಮ ಮನೆಯಲ್ಲಂತೂ ದಬ್ಬಳ ಹಿಡಿದು ಬಾಯಿ ಹೊಲಿಯೋದು ಅಮ್ಮನೇ. ಆದ್ದರಿಂದ ಅಮ್ಮಂದಿರ ಹೆಸರನ್ನು ದಾರದಲ್ಲಿ ಹೊಲಿಯೋಣ ಅಂದೆವು. ಇದು ಅಷ್ಟು ಸುಲಭ ಇರಲಿಲ್ಲ. "ಎಲ್ಲರೂ ಓದೋ ಹಾಗೆ ಅಮ್ಮನ ಹೆಸರು ಗೋಡೆ ಮೇಲೆ ಹಾಕಿದ್ರೆ ಮನೇಲಿ ಬಯ್ತಾರೆ" ಅಂತ ಒಬ್ಬಳು ಹೇಳಿದಳು. ಅದಕ್ಕೆ ಕೇಳದೆ ಹಾಕಬಾರದು ಅಂತ ನಿಯಮ ಮಾಡಿದೆವು. 6 ಅಮ್ಮಂದಿರು ಒಪ್ಪಿದರು. ಅವರಲ್ಲಿ ಒಬ್ಬರು, ಮದುವೆಯಲ್ಲಿ ಇಟ್ಟ ಹೆಸರು ಬೇಡ, ತವರಿನಲ್ಲಿ ಕರೆಯುತ್ತಿದ್ದ ಹೆಸರು ಹಾಕಿ ಅಂದರು. ಆ ಹೆಸರು ಅವರ ಮಗನಿಗೇ ಗೊತ್ತಿರಲಿಲ್ಲ. ಒಬ್ಬರು ಬೇಡ ಅಂದರು. ಅವರ ಚೀಲವನ್ನು ಹೆಸರಿಲ್ಲದೆ ಹಾಗೇ ಸೇರಿಸಿದ್ದೇವೆ. ಶಾಲೆಯ 2 ಚೀಲಕ್ಕೆ ಅಡುಗೆ ಅಕ್ಕಂದಿರ ಹೆಸರು. "ನಮ್ಮೆಸ್ರು ಯಾಕ್ರಪ್ಪಾ" ಅಂದರು, ಆದರೆ ಕಾಗುಣಿತ ಸರಿ ಇದೆಯಾ ಅಂತ ಎರಡು ಸಲ ಬಂದು ನೋಡಿಕೊಂಡು ಹೋದರು.

ಇದು ಕ್ರಾಫ್ಟೋ ಕಲೆಯೋ ಅಂತ ಗುರುಗಳೊಬ್ಬರು ಕೇಳಿದರು. ಕೈಕೆಲಸ ಕ್ರಾಫ್ಟೇ ಸಾರ್. ಆದರೆ ಕ್ರಾಫ್ಟ್ ಪೀರಿಯಡ್‌ನಲ್ಲಿ ಏನು ಮಾಡಬೇಕು ಅಂತ ಮೊದಲೇ ಗೊತ್ತಿರುತ್ತೆ. ಇಲ್ಲಿ ಚೀಟಿ ಬರೆಯುವ ತನಕ ನಮಗೇ ಗೊತ್ತಿರಲಿಲ್ಲ.

ಬೇರೆ ತರಗತಿಯವರು ಮಾಡುವುದಾದರೆ ಸ್ವಲ್ಪ ತಿಳಿದಿರಲಿ. ಚೀಲವನ್ನು ಎರಡು ದಿನ ಬಿಸಿಲಿಗೆ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಯಲಲ್ಲಿ ಕೊಡವಿ, ಬಹಳ ಧೂಳು. ಅಂಚನ್ನು ಒಂದು ಬೆರಳಗಲ ಮಡಿಚಿ ಹೊಲಿಯಿರಿ, ಇಲ್ಲದಿದ್ದರೆ ಎಳೆ ಬಿಚ್ಚಿಕೊಳ್ಳುತ್ತೆ. ಪೇಂಟಿನಲ್ಲಿ ಅಕ್ಷರ ಬರೆದರೆ ಹರಡುತ್ತೆ, ಉಲ್ಲನ್ ದಾರ ಒಳ್ಳೆಯದು. ಔಷಧಿ ಇಟ್ಟ ಚೀಲ, ಔಷಧಿ ಬೆರೆಸಿದ ಬೀಜದ ಚೀಲ ಮುಟ್ಟಲೇಬೇಡಿ, ತೊಳೆದರೂ ಬೇಡ. 50 ಕೆ.ಜಿ.ಯ 9 ಚೀಲ ಬಿಚ್ಚಿ ಮೂರು ಸಾಲು ಹೊಲಿದರೆ ಸುಮಾರು 9 ಅಡಿ ಎತ್ತರ, 11 ಅಡಿ ಅಗಲ ಬರುತ್ತೆ.

ನಮ್ಮದು ಉಗ್ರಾಣದ ಹೊರಗೋಡೆಯ ಮೇಲಿದೆ, ಬಂದು ನೋಡಿ. 5 ಹೆಸರು ಆಗಿದೆ, 3 ಬಾಕಿ. ಕೆಂಪು ದಾರ ಮುಗಿದಿದೆ. ಹಳೇ ಸ್ವೆಟರ್ ಬಿಚ್ಚಿದ ದಾರ ಯಾರ ಮನೆಯಲ್ಲಾದರೂ ಇದ್ದರೆ ಒಂಬತ್ತನೇ ತರಗತಿಗೆ ತಂದುಕೊಡಿ, ಬಣ್ಣ ಯಾವುದಾದರೂ ಆಗುತ್ತೆ.