ಹಳೆಯ ಫೈಬರ್ ದೋಣಿಗೆ ಬಣ್ಣ ಬಳಿದರೆ ಹೊಸದಾಗುತ್ತದೆಯೇ?

ಕುಂದಾಪುರದ ಪಂಚಗಂಗಾವಳಿ ಹೊಳೆಯ ಬದಿಯಲ್ಲೊಂದು ಮನೆ. ಅಂಗಳದ ತೆಂಗಿನ ಮರಗಳ ನಡುವೆ, ಎರಡು ದಿಮ್ಮಿಗಳ ಮೇಲೆ ಹಳೆಯ ಫೈಬರ್ ದೋಣಿಯೊಂದು ಕೂತಿತ್ತು. ಹಿಂದೆ ಎಂಜಿನ್ ಕಟ್ಟಿ ಓಡಿಸುವ ದೋಣಿ. ಎರಡನೇ ಕೈಯಲ್ಲಿ ಕೊಂಡಿದ್ದ ಯಜಮಾನರ ಯೋಜನೆ ಸರಳವಾಗಿತ್ತು: ಸ್ಯಾಂಡ್ ಪೇಪರ್ ಉಜ್ಜುವುದು, ಬಿರುಕಿಗೆ ಪುಟ್ಟಿ ತುಂಬುವುದು, ಎರಡು ಕೋಟ್ ಬಣ್ಣ ಹೊಡೆಯುವುದು. "ಫೈಬರಿಗೆ ಎಂತದೂ ಆಗುದಿಲ್ಲ ಮಾರಾಯ್ರೆ. ಗೆದ್ದಲು ತಿನ್ನುದಿಲ್ಲ, ತುಕ್ಕು ಹಿಡಿಯುದಿಲ್ಲ" ಎಂದರು.

ಒಂದು ಐದು ರೂಪಾಯಿ ನಾಣ್ಯ ತೆಗೆದುಕೊಂಡು ದೋಣಿಯ ಮೈಯನ್ನು ಮುಂದಿನಿಂದ ಹಿಂದಕ್ಕೆ ತಟ್ಟುತ್ತಾ ಬನ್ನಿ ಎಂದು ನಾವು ಕೇಳಿಕೊಂಡೆವು. ಮೂತಿಯಿಂದ ನಡುವಿನವರೆಗೆ ಟಣ್ ಟಣ್ ಎಂಬ ಗಟ್ಟಿ ಸದ್ದು. ಎಂಜಿನ್ ಕೂರಿಸುವ ಹಿಂಬದಿಗೆ ಬಂದಾಗ ಸದ್ದು ದಬ್ ದಬ್ ಎಂದು ಮಂಕಾಯಿತು. ಒಳಗಡೆಯಿಂದ ಸಣ್ಣದೊಂದು ತೂತು ಕೊರೆದರೆ ಹೊರಬಂದದ್ದು ಮರದ ಒಣ ಪುಡಿಯಲ್ಲ, ಕಾಫಿ ಗಸಿಯಂಥ ಕಂದು ಕೆಸರು.

ಹಾಗಾದರೆ "ಫೈಬರಿಗೆ ಏನೂ ಆಗುವುದಿಲ್ಲ" ಎಂಬ ಮಾತು ಸುಳ್ಳೇ? ಅರ್ಧ ನಿಜ. ಆ ಉಳಿದರ್ಧವೇ ಅಪಾಯಕಾರಿ.

ಫೈಬರ್ ಅಂದರೆ ಏನು?

ನಾವು ಫೈಬರ್ ಎಂದು ಕರೆಯುವುದು ಎರಡು ವಸ್ತುಗಳ ಜೋಡಿ. ಒಂದು ಗಾಜಿನ ಸಣ್ಣ ನಾರು. ಇನ್ನೊಂದು ಆ ನಾರನ್ನು ಹಿಡಿದಿಡುವ ರೆಸಿನ್ ಎಂಬ ಅಂಟು, ಸಾಮಾನ್ಯವಾಗಿ ಪಾಲಿಯೆಸ್ಟರ್. ಎಳೆತವನ್ನು ತಡೆಯುವುದು ಗಾಜು, ಆಕಾರವನ್ನು ಉಳಿಸುವುದು ರೆಸಿನ್. 1940ರ ದಶಕದಲ್ಲಿ ಅಮೆರಿಕದಲ್ಲಿ ಈ ಜೋಡಿಯಿಂದ ದೋಣಿ ಮಾಡಲು ಶುರುಮಾಡಿದರು. ಆಗಿನಿಂದಲೂ ಇದರ ದೊಡ್ಡ ಹೆಗ್ಗಳಿಕೆ ಕೊಳೆಯುವುದಿಲ್ಲ ಎಂಬುದೇ. ಗಾಜು ಮತ್ತು ರೆಸಿನ್ ಮಟ್ಟಿಗೆ ಅದು ಬಹುತೇಕ ಸರಿ.

ಆದರೆ ದೋಣಿ ಪೂರ್ತಿ ಫೈಬರ್ ಅಲ್ಲ. ಎಂಜಿನ್ ಹೊರುವ ಹಿಂಬದಿಯ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಹೆಚ್ಚಿನ ದೋಣಿಗಳಲ್ಲಿ ಅದರ ಹೊಟ್ಟೆಯಲ್ಲಿರುವುದು ಪ್ಲೈವುಡ್, ಫೈಬರ್ ಬರೀ ಹೊದಿಕೆ. ತಳದ ಉದ್ದಕ್ಕೆ ಬಲಕ್ಕಾಗಿ ಕೊಟ್ಟಿರುವ ಪಟ್ಟಿಗಳ ಒಳಗೂ ಅನೇಕ ಸಲ ಮರವೇ ಇರುತ್ತದೆ. ಬೋಲ್ಟ್ ಹಾಕಲು ಕೊರೆದ ತೂತಿಗೆ ಸರಿಯಾಗಿ ಸೀಲ್ ಮಾಡದಿದ್ದರೆ ಅಲ್ಲಿಂದ ನೀರು ಒಳಗಿಳಿಯುತ್ತದೆ. ಹೊರಗೆ ಬರಲು ದಾರಿಯಿಲ್ಲ. ಬಿಸಿಲಿಗೆ ಇಟ್ಟರೂ ಆರುವುದಿಲ್ಲ, ಏಕೆಂದರೆ ಎರಡೂ ಕಡೆ ಫೈಬರ್ ಹೊದಿಕೆ. ಬಯಲಲ್ಲಿಟ್ಟ ಮರಕ್ಕಿಂತ ಅಲ್ಲಿನ ಮರ ಬೇಗ ಕೊಳೆಯುತ್ತದೆ.

10 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ತೂಕ ಸುಮಾರು 35ರಿಂದ 40 ಕಿಲೋ. ಆ ತೂಕದ ಜತೆಗೆ ಅದು ದೋಣಿಯನ್ನು ಮುಂದಕ್ಕೆ ತಳ್ಳುವ ಬಲವೂ ಟ್ರಾನ್ಸಮ್ ಮೇಲೇ ಬೀಳುತ್ತದೆ. ಹೊಳೆಯಲ್ಲಿ ನಿಧಾನವಾಗಿ ಹೋಗುವಾಗ ಗೊತ್ತಾಗದ ದೌರ್ಬಲ್ಯ ಅಳಿವೆಯಲ್ಲಿ, ಅಲೆಗೆ ಎದುರಾಗಿ ಪೂರ್ತಿ ರೇಸ್ ಕೊಟ್ಟಾಗ ಹೊರಬೀಳುತ್ತದೆ. ಅಲ್ಲಿ ಎಂಜಿನ್ ಕಳಚಿದರೆ ಹೋಗುವುದು ಎಂಜಿನ್ ಮಾತ್ರವಲ್ಲ. ಹಿಂಬದಿಯೇ ತೆರೆದುಕೊಂಡು ನೀರು ನುಗ್ಗುತ್ತದೆ.

ನೆಲದ ಮೇಲಿರುವಾಗಲೇ ಇದನ್ನು ಪರೀಕ್ಷಿಸಬಹುದು. ಎಂಜಿನ್ ಕಟ್ಟಿ, ಅದರ ಕೆಳಗಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಎಂಜಿನ್ ಜತೆ ದೋಣಿಯ ಹಿಂಬದಿಯ ಗೋಡೆಯೂ ಬಾಗಿದರೆ, ಅದು ಮೂಲೆಯಲ್ಲಿ ಕೂದಲೆಳೆಯಷ್ಟೇ ಬಿರುಕು ಬಿಟ್ಟರೂ, ಬಣ್ಣದ ಡಬ್ಬಿಯನ್ನು ಪಕ್ಕಕ್ಕಿಡಿ.

ಉಪ್ಪು ನೀರೇ ಶತ್ರುವೇ?

ಹಳೆಯ ದೋಣಿಯ ತಳದಲ್ಲಿ ಬೆವರುಸಾಲೆಯಂಥ ಗುಳ್ಳೆಗಳು ಕಂಡರೆ "ಉಪ್ಪು ನೀರು ತಿಂದಿದೆ" ಎನ್ನುತ್ತಾರೆ. ವಿಷಯ ಹೆಚ್ಚುಕಡಿಮೆ ತಲೆಕೆಳಗು. ದೋಣಿಯ ಹೊರಗಿನ ಹೊಳಪಿನ ಪದರಕ್ಕೆ ಜೆಲ್‌ಕೋಟ್ ಎಂದು ಹೆಸರು. ಅದು ನೀರನ್ನು ನೂರಕ್ಕೆ ನೂರು ತಡೆಯುವುದಿಲ್ಲ. ನೀರಲ್ಲೇ ನಿಂತಿದ್ದರೆ ತಿಂಗಳುಗಟ್ಟಲೆ ಸೂಕ್ಷ್ಮವಾಗಿ ಒಳಗೆ ಬಿಡುತ್ತದೆ. ಒಳಗೆ ರೆಸಿನ್‌ನಲ್ಲಿ ಉಳಿದ ರಾಸಾಯನಿಕಗಳು ಆ ನೀರಲ್ಲಿ ಕರಗಿ ಗಟ್ಟಿ ದ್ರಾವಣವಾಗುತ್ತವೆ. ಆ ದ್ರಾವಣ ಹೊರಗಿನ ನೀರನ್ನು ಮತ್ತಷ್ಟು ಎಳೆದುಕೊಳ್ಳುತ್ತದೆ, ನೀರಲ್ಲಿ ಹಾಕಿದ ಒಣದ್ರಾಕ್ಷಿ ಊದಿಕೊಳ್ಳುವ ಹಾಗೆ. ಒತ್ತಡ ಹೆಚ್ಚಾಗಿ ಜೆಲ್‌ಕೋಟ್ ಗುಳ್ಳೆಯೇಳುತ್ತದೆ. ಗುಳ್ಳೆ ಚುಚ್ಚಿದರೆ ಬರುವ ದ್ರವ ವಿನೆಗರ್ ವಾಸನೆ ಹೊಡೆಯುವುದು ಇದರಿಂದಲೇ. (ಚುಚ್ಚುವಾಗ ಕನ್ನಡಕ ಹಾಕಿಕೊಳ್ಳಿ, ಅದು ಒತ್ತಡದಲ್ಲಿರುತ್ತದೆ.)

ಹೊರಗಿನ ನೀರಲ್ಲಿ ಉಪ್ಪು ಕಡಿಮೆಯಿದ್ದಷ್ಟೂ ಈ ಎಳೆತ ಜೋರು. ಹಾಗಾಗಿ ಸಿಹಿನೀರಿನಲ್ಲಿ ಕಟ್ಟಿಟ್ಟ ದೋಣಿಗೆ ಗುಳ್ಳೆಯ ಕಾಟ ಸಮುದ್ರದ ದೋಣಿಗಿಂತ ಹೆಚ್ಚು. ದಿನವೂ ಮರಳ ಮೇಲೆ ಎಳೆದಿಡುವ ದೋಣಿಗೆ ಕಡಿಮೆ. ಗುಳ್ಳೆಯ ಮೇಲೆಯೇ ಪುಟ್ಟಿ ಸವರಿ ಬಣ್ಣ ಹೊಡೆದರೆ ಒಳಗಿನ ದ್ರವವನ್ನು ಭದ್ರವಾಗಿ ಮುಚ್ಚಿಟ್ಟಂತೆ, ಅಷ್ಟೆ. ಗುಳ್ಳೆಗಳನ್ನು ಕೆರೆದು ತೆಗೆದು, ಸಿಹಿನೀರಲ್ಲಿ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಿಸಿ, ಆಮೇಲೆ ಎಪಾಕ್ಸಿಯಿಂದ ಮುಚ್ಚಬೇಕು.

ಒಣಗಿಸುವುದು ಎಂದಾಗ ಕರಾವಳಿಯ ಒಂದು ತೊಡಕು ಹೇಳಲೇಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿರುವ ಆ ಕಾಲವೇ ರಿಪೇರಿಗೆ ಸರಿ ಎಂದು ಯಾರಿಗಾದರೂ ಅನಿಸುತ್ತದೆ. ಮರಗೆಲಸಕ್ಕೆ, ಎಂಜಿನ್ ಕೆಲಸಕ್ಕೆ ಸರಿಯೇ. ಫೈಬರ್ ಕೆಲಸಕ್ಕೆ ಅದು ಅತ್ಯಂತ ಕೆಟ್ಟ ಕಾಲ. ತೇವ ಹೀರಿದ ಗ್ಲಾಸ್ ಮ್ಯಾಟ್‌ಗೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ, ಪದರ ಹಾಲಿನಂತೆ ಬೆಳ್ಳಗಾಗುತ್ತದೆ, ನಂತರ ಸಿಪ್ಪೆಯಂತೆ ಏಳುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ದಿನಗಳಲ್ಲಿ, ಬೆಳಗಿನ ಇಬ್ಬನಿ ಆರಿದ ಮೇಲೆ, ನೆರಳಲ್ಲಿ ಮಾಡಿದ ಕೆಲಸ ನಿಲ್ಲುತ್ತದೆ.

ಎರಡು ಬಾಟಲಿಗಳ ವಿಷಯ

ಈ ಲೇಖನದಲ್ಲಿ ಒಂದೇ ಭಾಗ ಓದಲು ನಿಮಗೆ ಸಮಯವಿದ್ದರೆ ಇದನ್ನು ಓದಿ.

ಫೈಬರ್ ಸಾಮಾನಿನ ಅಂಗಡಿಯಲ್ಲಿ ಪಾಲಿಯೆಸ್ಟರ್ ರೆಸಿನ್ ಕೇಳಿದರೆ ಹಲವು ಸಲ ಮೂರು ವಸ್ತು ಕೊಡುತ್ತಾರೆ: ರೆಸಿನ್‌ನ ಡಬ್ಬಿ, ಕಡು ನೇರಳೆ ಬಣ್ಣದ ಕೋಬಾಲ್ಟ್ ದ್ರವ, ನೀರಿನಂತೆ ತಿಳಿಯಾದ ಹಾರ್ಡನರ್. ಆ ಹಾರ್ಡನರ್‌ನ ಹೆಸರು ಎಂಇಕೆಪಿ. ಇದೊಂದು ಪೆರಾಕ್ಸೈಡ್. ಕೋಬಾಲ್ಟ್ ಇದನ್ನು ವೇಗವಾಗಿ ಒಡೆಯುತ್ತದೆ. ರೆಸಿನ್ ಒಳಗೆ ಇವೆರಡೂ ಅಲ್ಪ ಪ್ರಮಾಣದಲ್ಲಿ ಹರಡಿಕೊಂಡು ಭೇಟಿಯಾದಾಗ ರೆಸಿನ್ ಗಟ್ಟಿಯಾಗುತ್ತದೆ. ರೆಸಿನ್ ಇಲ್ಲದೆ ನೇರವಾಗಿ ಭೇಟಿಯಾದರೆ ಬೆಂಕಿ ಹೊತ್ತಿಕೊಳ್ಳಬಹುದು, ಸ್ಫೋಟವೂ ಆಗಬಹುದು.

"ಎರಡನ್ನೂ ಮೊದಲೇ ಒಂದು ಲೋಟದಲ್ಲಿ ಬೆರೆಸಿಟ್ಟುಕೊಂಡರೆ ಸುಲಭ" ಎಂದು ಅನಿಸುವುದು ಸಹಜ. ಎಂದಿಗೂ ಹಾಗೆ ಮಾಡಬೇಡಿ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಕಬೇಕು. ಬಳಸುವ ಹೊತ್ತಿಗೆ ಮಾತ್ರ ಹಾರ್ಡನರ್ ಸೇರಿಸಬೇಕು. ಎರಡಕ್ಕೂ ಒಂದೇ ಚಮಚ, ಒಂದೇ ಅಳತೆಯ ಲೋಟ ಬಳಸುವಂತಿಲ್ಲ. ಕೆಲವು ರೆಸಿನ್‌ಗಳಿಗೆ ಕಂಪನಿಯೇ ಕೋಬಾಲ್ಟ್ ಸೇರಿಸಿರುತ್ತದೆ, ಅಂಗಡಿಯಲ್ಲಿ ಕೇಳಿಯೇ ತನ್ನಿ. ಹಾರ್ಡನರ್ ಚೆಲ್ಲಿದರೆ ಮರದ ಹೊಟ್ಟಿನಿಂದ ಅಥವಾ ಹಳೆ ಬಟ್ಟೆಯಿಂದ ಒರೆಸಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳುವ ಸಾಧ್ಯತೆ ಇದೆ.

ಇನ್ನೊಂದು ಅಪಾಯ ಬಾಟಲಿಯದೇ. ಚಿಲ್ಲರೆಯಾಗಿ ಕೊಳ್ಳುವಾಗ ಹಾರ್ಡನರನ್ನು ಲೇಬಲ್ ಇಲ್ಲದ ಬಾಟಲಿಗೆ ಸುರಿದು ಕೊಡುವುದುಂಟು. ನೋಡಲು ನೀರೇ. ಮಕ್ಕಳಿರುವ ಮನೆಯಂಗಳದಲ್ಲಿ ಇದೆಷ್ಟು ಭಯಾನಕ ಎಂದು ಬಿಡಿಸಿ ಹೇಳಬೇಕಿಲ್ಲ. ಕುಡಿದರೆ ಅನ್ನನಾಳವನ್ನೇ ಸುಡುತ್ತದೆ. ಅಂಥ ಸಂದರ್ಭದಲ್ಲಿ ವಾಂತಿ ಮಾಡಿಸಬಾರದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕಣ್ಣಿಗೆ ಒಂದು ಹನಿ ಸಿಡಿದರೂ ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು. ತಕ್ಷಣ, ಅಂದರೆ ಆ ಕ್ಷಣದಲ್ಲೇ, ಹರಿಯುವ ನೀರಲ್ಲಿ ಕನಿಷ್ಠ 15 ನಿಮಿಷ ಕಣ್ಣು ತೊಳೆದು ವೈದ್ಯರ ಬಳಿ ಹೋಗಬೇಕು. ನೀರಿನ ಪೈಪ್ ಎಲ್ಲಿದೆ ಎಂದು ಹುಡುಕುವ ಹೊತ್ತು ಅದಲ್ಲ, ಮೊದಲೇ ಪಕ್ಕದಲ್ಲಿಟ್ಟುಕೊಂಡು ಕೆಲಸ ಶುರುಮಾಡಿ.

"ಹಾರ್ಡನರ್ ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ" ಎಂಬ ನಂಬಿಕೆಯೂ ತಪ್ಪು. ಪಾಲಿಯೆಸ್ಟರ್‌ಗೆ ಸಾಮಾನ್ಯವಾಗಿ ಬೇಕಾಗುವುದು ನೂರಕ್ಕೆ 1ರಿಂದ 2 ಭಾಗ, ಅಂದರೆ ಒಂದು ಕಿಲೋಗೆ 10ರಿಂದ 20 ಗ್ರಾಂ. ಹೆಚ್ಚಾದರೆ ಬಿಸಿಯೇರಿ ಬಿರುಕು ಬಿಡುತ್ತದೆ, ಮಗ್ ತುಂಬ ಕಲಸಿದ್ದರೆ ಹೊಗೆಯೇ ಏಳುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ. ಎಪಾಕ್ಸಿಯ ಲೆಕ್ಕ ಬೇರೆ. ಅದರಲ್ಲಿ ಹಾರ್ಡನರ್ ಪ್ರತಿಕ್ರಿಯೆಗೆ ಚಾಲನೆ ಕೊಡುವ ವಸ್ತುವಲ್ಲ, ಅಂಟಿನ ಒಂದು ಭಾಗವೇ. ಡಬ್ಬಿಯ ಮೇಲಿನ ಅನುಪಾತ ತಪ್ಪಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗದು.

ತುರಿಕೆ, ವಾಸನೆ, ಕ್ಯಾನ್ಸರ್

ಫೈಬರ್ ಉಜ್ಜಿದ ದಿನ ಮೈಯೆಲ್ಲ ತುರಿಕೆ. ಇದು ಅಲರ್ಜಿಯಲ್ಲ. ಗಾಜಿನ ಚೂರುಗಳು ಚರ್ಮಕ್ಕೆ ಮುಳ್ಳಿನಂತೆ ಚುಚ್ಚಿಕೊಂಡಿರುತ್ತವೆ, ಅವು ರಕ್ತಕ್ಕೆ ಸೇರಿ ಹೃದಯಕ್ಕೆ ಹೋಗುತ್ತವೆ ಎಂಬುದು ಕಟ್ಟುಕತೆ. ಉಜ್ಜದೆ, ಕೆರೆಯದೆ ಹರಿಯುವ ನೀರು ಮತ್ತು ಸೋಪಿನಿಂದ ತೊಳೆಯಿರಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜತೆ ಒಗೆಯಲು ಹಾಕಬೇಡಿ.

ಗಾಜಿನ ನಾರು ಆಸ್ಬೆಸ್ಟಾಸ್‌ನಂತೆ ಕ್ಯಾನ್ಸರ್ ತರುತ್ತದೆಯೇ? ದೋಣಿಗೆ ಬಳಸುವ ಉದ್ದ ಎಳೆಯ ಗಾಜನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ "ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಲಾಗದ" 3ನೇ ಗುಂಪಿನಲ್ಲಿ ಇರಿಸಿದೆ. ಹಾಗೆಂದು ಧೂಳು ಕುಡಿಯಬಹುದು ಎಂದಲ್ಲ, ಗ್ರೈಂಡರ್ ಹಿಡಿಯುವಾಗ ಎನ್95 ಮಾಸ್ಕ್ ಬೇಕೇ ಬೇಕು. ಆದರೆ ಜನ ಧೂಳಿಗೆ ಹೆದರಿ ವಾಸನೆಯನ್ನು ಮರೆಯುತ್ತಾರೆ. ಪಾಲಿಯೆಸ್ಟರ್ ರೆಸಿನ್‌ನ ಆ ಘಾಟು ವಾಸನೆ ಸ್ಟೈರೀನ್‌ನದು. ಅದನ್ನು ಇದೇ ಸಂಸ್ಥೆ 2018ರಲ್ಲಿ ಪರಿಶೀಲಿಸಿ 2ಎ, ಅಂದರೆ "ಬಹುಶಃ ಕ್ಯಾನ್ಸರ್‌ಕಾರಕ" ಗುಂಪಿಗೆ ಏರಿಸಿತು. ಈ ಗುಂಪುಗಳು ಪುರಾವೆ ಎಷ್ಟು ಬಲವಾಗಿದೆ ಎಂದು ಹೇಳುತ್ತವೆಯೇ ಹೊರತು ಒಂದು ದೋಣಿ ರಿಪೇರಿಯಿಂದ ನಿಮಗೆಷ್ಟು ಅಪಾಯ ಎಂದಲ್ಲ. ತಲೆಸುತ್ತು, ತಲೆನೋವು ಮಾತ್ರ ಆ ದಿನವೇ ಬರಬಹುದು. ಕೋವಿಡ್ ಕಾಲದ ಮಾಸ್ಕ್ ಆವಿಯನ್ನು ತಡೆಯದು, ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಬಾಗಿಲು ಹಾಕಿದ ಕೊಟ್ಟಿಗೆಯಲ್ಲಿ ಈ ಕೆಲಸ ಬೇಡ.

ಹಾಗಾದರೆ ರಿಪೇರಿ ಹೇಗೆ?

ಟ್ರಾನ್ಸಮ್ ಕೊಳೆತಿದ್ದರೆ ಒಳಬದಿಯ ಹೊದಿಕೆಯನ್ನು ಕತ್ತರಿಸಿ, ಕೊಳೆತ ಮರವನ್ನು ಕೊನೆಯ ಚೂರಿನವರೆಗೆ ತೆಗೆದು, ಒಣಗಿಸಿ, ಹೊಸ ಪ್ಲೈವುಡ್ ಕೂರಿಸಬೇಕು. ಐಎಸ್ 710 ಎಂಬ ಗುರುತಿರುವ ಮರೈನ್ ಪ್ಲೈವುಡ್ ಕೇಳಿ. ಮರೈನ್ ಎಂದಾಕ್ಷಣ ನೀರು ಕುಡಿಯುವುದಿಲ್ಲ ಎಂದಲ್ಲ. ನೀರಿಗೆ ಬಿಡದಿರುವುದು ಪದರಗಳ ನಡುವಿನ ಅಂಟು, ಮರ ಮರವೇ. ಆದ್ದರಿಂದ ಅಂಚು, ತೂತು ಎಲ್ಲಕ್ಕೂ ರೆಸಿನ್ ಕುಡಿಸಬೇಕು. ಬೋಲ್ಟ್‌ನ ತೂತನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟ್ ಅಳತೆಗೆ ಮತ್ತೆ ಕೊರೆಯಿರಿ. ಆಗ ಸೀಲ್ ಹೋದರೂ ನೀರಿಗೆ ಮರ ಸಿಗುವುದಿಲ್ಲ.

ಮೈಯಲ್ಲಿ ತೂತಿದ್ದರೆ ಅದರಷ್ಟೇ ಅಗಲದ ಮ್ಯಾಟ್ ಅಂಟಿಸುವುದು ವ್ಯರ್ಥ. ಗಟ್ಟಿಯಾಗಿ ವರ್ಷಗಳಾದ ಫೈಬರ್ ಹೊಸ ಪದರದ ಜತೆ ರಾಸಾಯನಿಕವಾಗಿ ಬೆರೆಯುವುದಿಲ್ಲ, ಹಿಡಿತ ಬರುವುದು ಉಜ್ಜಿ ಒರಟಾದ ಮೈಯಿಂದ ಮತ್ತು ಅಗಲದಿಂದ. ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜುವುದು ವಾಡಿಕೆ. 6 ಮಿಲಿಮೀಟರ್ ದಪ್ಪದ ಮೈಯಾದರೆ ತೂತಿನ ಸುತ್ತ 7 ಸೆಂಟಿಮೀಟರ್. ಹಳೆಯ ಫೈಬರಿಗೆ ಎಪಾಕ್ಸಿಯ ಹಿಡಿತ ಪಾಲಿಯೆಸ್ಟರ್‌ಗಿಂತ ಚೆನ್ನ, ಬೆಲೆ ಮಾತ್ರ ಜಾಸ್ತಿ. ನಮ್ಮ ಅಭಿಪ್ರಾಯ ಕೇಳಿದರೆ, ದುಡ್ಡು ಉಳಿಸುವ ಜಾಗ ಬಣ್ಣ, ಟ್ರಾನ್ಸಮ್ ಅಲ್ಲ.

ತಳದ ಪಟ್ಟಿಗಳೂ ಟ್ರಾನ್ಸಮ್ಮೂ ಒಟ್ಟಿಗೆ ಕೊಳೆತಿದ್ದರೆ ಮಾತ್ರ ಲೆಕ್ಕ ಹಾಕಿ ನೋಡಬೇಕು, ಹೆಚ್ಚಿನ ಸಲ ಅದು ಗೆಲ್ಲುವ ಲೆಕ್ಕವಲ್ಲ. ಅಂಥ ದೋಣಿಗೆ ಬೆಂಕಿ ಹಚ್ಚುವವರಿದ್ದಾರೆ. ಗಟ್ಟಿಯಾದ ರೆಸಿನ್ ಕರಗುವುದಿಲ್ಲ, ವಿಷಕಾರಿ ಕಪ್ಪು ಹೊಗೆ ಬಿಟ್ಟು ಉರಿದು ಗಾಜಿನ ನಾರನ್ನು ಅಂಗಳದಲ್ಲೇ ಉಳಿಸುತ್ತದೆ.

ಪಂಚಗಂಗಾವಳಿ ಬದಿಯ ಆ ದೋಣಿಯ ತಳವನ್ನೂ ನಾಣ್ಯದಲ್ಲಿ ತಟ್ಟಿ ನೋಡಿದೆವು. ಎಡಬದಿಯ ಪಟ್ಟಿಯ ತುದಿಯಲ್ಲಿ ಒಂದು ಗೇಣು ಬಿಟ್ಟರೆ ಉಳಿದದ್ದು ಟಣ್ ಎಂದಿತು. ಯಜಮಾನರು ಕಂದು ಕೆಸರಿನ ತೂತನ್ನು ಇನ್ನೊಮ್ಮೆ ಬಗ್ಗಿ ನೋಡಿ, ಬಣ್ಣದ ಡಬ್ಬಿಗಳನ್ನು ಅಟ್ಟಕ್ಕೆ ಏರಿಸಿದರು. ಅಂಗಡಿಗೆ ಹೋಗುವ ಮೊದಲು ಹಾರ್ಡನರ್ ಬಾಟಲಿಗೆ ಅಂಟಿಸಲು ಮಗಳ ಕೈಯಲ್ಲಿ ಕೆಂಪು ಮಸಿಯ ಚೀಟಿ ಬರೆಸಿದರು.