ಅಂಗುಲದೆತ್ತರದ ಛತ್ರಿ ಸೈನಿಕರು

ಎರಡನೆಯ ಮಹಾಯುದ್ಧದ ಬ್ರಿಟಿಷ್ ಛತ್ರಿ ಸೈನಿಕನು ತನ್ನ ಸಮವಸ್ತ್ರದ ಮೇಲೆ ತೊಡುತ್ತಿದ್ದ ಡೆನಿಸನ್ ನಿಲುವಂಗಿಯ ಮೊದಮೊದಲಿನ ಪ್ರತಿಗಳಿಗೆ ಯಂತ್ರದ ಅಚ್ಚು ಬಿದ್ದಿರಲಿಲ್ಲ. ಮರಳುಬಣ್ಣದ ಬಟ್ಟೆಯ ಮೇಲೆ ಅಗಲವಾದ ಕುಂಚದಿಂದ ಹಸುರು ಮತ್ತು ಕಂದು ಬಣ್ಣದ ಪಟ್ಟೆಗಳನ್ನು ಯಾರೋ ಕೈಯಿಂದಲೇ ಬೀಸಿ ಎಳೆದಿದ್ದರಾಗಿ, ಒಬ್ಬನ ಅಂಗಿಯಂತೆ ಇನ್ನೊಬ್ಬನದು ಇರಲಿಲ್ಲ. ಸಾವಿರಾರು ಮಂದಿಯನ್ನು ಒಂದೇ ಎರಕದಲ್ಲಿ ಹೊಯ್ಯಲೆಳಸುವ ಸೈನ್ಯವೆಂಬ ಸಂಸ್ಥೆಯೊಳಗೆ, ಪ್ರತಿಯೊಬ್ಬನ ಬೆನ್ನಮೇಲೂ ಬೇರೆ ಬೇರೆಯಾದ ಒಂದು ಚಿತ್ರವಿದ್ದಿತೆಂಬ ಈ ಸಂಗತಿಯೇ ನನ್ನನ್ನು ಈ ಲೇಖನದ ವಿಷಯದತ್ತ ಸೆಳೆದದ್ದು. ಏಕೆಂದರೆ, ಎಂಬತ್ತು ವರ್ಷಗಳ ತರುವಾಯ ಇಂದು 28 ಮಿಲಿಮೀಟರ್ ಎತ್ತರದ, ಎಂದರೆ ಒಂದು ಅಂಗುಲವನ್ನು ತುಸುವೇ ಮೀರಿದ ಬೊಂಬೆಯೊಂದನ್ನು ಎಡಗೈಯಲ್ಲಿ ಹಿಡಿದು, ಸೊನ್ನೆ ಸಂಖ್ಯೆಯ ಕುಂಚದಿಂದ ಅದರ ಅಂಗಿಗೆ ಅದೇ ಪಟ್ಟೆಗಳನ್ನು ಎಳೆಯುವ ಹವ್ಯಾಸಿಯು, ಅಂದಿನ ಆ ಅಜ್ಞಾತ ಬಣ್ಣಗಾರನ ಕೆಲಸವನ್ನೇ ಕಿರಿದಾಗಿಸಿ ಮತ್ತೊಮ್ಮೆ ಮಾಡುತ್ತಿರುತ್ತಾನೆ. ಪಟ್ಟೆ ಅಂಕುಡೊಂಕಾದರೂ ಇತಿಹಾಸಕ್ಕೆ ಅಪಚಾರವಾಗದು.

ಮೇಜಿನ ಮೇಲೆ ಬೆಟ್ಟ, ಹೊಳೆ, ಸೇತುವೆ, ಊರುಗಳನ್ನು ಕಟ್ಟಿ, ಅವುಗಳ ನಡುವೆ ಬಣ್ಣ ಬಳಿದ ಸೈನಿಕರನ್ನು ನಿಲ್ಲಿಸಿ, ಅಳತೆಪಟ್ಟಿಯಿಂದ ನಡಿಗೆಯನ್ನೂ ದಾಳದಿಂದ ಗುಂಡಿನ ಫಲವನ್ನೂ ನಿರ್ಣಯಿಸುತ್ತ ಆಡುವ ಯುದ್ಧಕ್ರೀಡೆಯೇ ಈ ಬೊಂಬೆಗಳ ಕಾರ್ಯಕ್ಷೇತ್ರ. ಇದರ ಪೂರ್ವಚರಿತ್ರೆ ಉದ್ದವಾದದ್ದು. ಸಂಕ್ಷೇಪವಾಗಿ ಹೇಳುವುದಾದರೆ, ಪ್ರಷ್ಯದ ಸೇನಾಧಿಕಾರಿಗಳು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಭೂಪಟದ ಮೇಲೆ ಆಡಿದ್ದನ್ನು, 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿಯು ಟೊಳ್ಳು ಎರಕದ ಅಗ್ಗದ ಸೀಸದ ಸಿಪಾಯಿಗಳನ್ನು ಮಾರುಕಟ್ಟೆಗೆ ತಂದ ಬಳಿಕ, ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದ ಮೂಲಕ ಮನೆಯಂಗಳಕ್ಕೆ ಇಳಿಸಿದನು. ಈಗ ‘ಬೋಲ್ಟ್ ಆಕ್ಷನ್’, ‘ಫ್ಲೇಮ್ಸ್ ಆಫ್ ವಾರ್’ ಮೊದಲಾದ ನಿಯಮಾವಳಿಗಳು ಪ್ರಚಾರದಲ್ಲಿವೆ. ಚತುರಂಗವನ್ನು ಲೋಕಕ್ಕೆ ಕೊಟ್ಟ ನಾಡಿನವರಿಗೆ ಇದನ್ನು ವಿಸ್ತರಿಸಿ ಹೇಳುವ ಅಗತ್ಯವಿಲ್ಲ.

ಇದು ನಮ್ಮ ಸೀಮೆಯಲ್ಲಿ ಹುಟ್ಟಿದ ಕಲೆಯಲ್ಲ, ನಿಜ. ಆದರೆ ನವರಾತ್ರಿಯಲ್ಲಿ ಪಟ್ಟದ ಬೊಂಬೆಗಳನ್ನು ಕೂರಿಸಿ, ಅವುಗಳ ಪದತಲದಲ್ಲಿ ರಾಗಿಯ ಪೈರಿನ ಉದ್ಯಾನವನ್ನು ಬೆಳೆಸಿ, ಜಂಬೂಸವಾರಿಯ ಆನೆಯ ಹಿಂದುಮುಂದೆ ಬಂದೂಕುಧಾರಿಗಳ ಸಾಲನ್ನು ನಿಲ್ಲಿಸುತ್ತ ಬಂದ ಹಳೆಯ ಮೈಸೂರಿನ ಮನೆಗಳಿಗೆ, ಚಿಕ್ಕದೊಂದು ಲೋಕವನ್ನು ಮೇಜಿನ ಮೇಲೆ ಕಟ್ಟುವ ವಿದ್ಯೆ ಹೊಸದೇನೂ ಅಲ್ಲವಷ್ಟೆ. ನಂದಿಯ ಶಿವರಾತ್ರಿಯ ತೇರಿಗೋ ವಿದುರಾಶ್ವತ್ಥದ ಜಾತ್ರೆಗೋ ಹೋದ ಮಕ್ಕಳು ಪಾಲಿಥೀನ್ ಕೊಡೆ ಕಟ್ಟಿದ ಪ್ಲಾಸ್ಟಿಕ್ ಸಿಪಾಯಿಯನ್ನು ಕೊಡಿಸಿಕೊಂಡು, ಸುತ್ತಿ ಮೇಲಕ್ಕೆಸೆದು, ಅದು ತೇಲುತ್ತ ಇಳಿಯುವುದನ್ನು ಬಾಯ್ದೆರೆದು ನೋಡುವುದುಂಟು. ಇವೆರಡನ್ನೂ ಬಲ್ಲವನಿಗೆ ಉಳಿದದ್ದು ತಾಳ್ಮೆಯೊಂದೇ.

ತಾಳ್ಮೆ ಬೇಕಾಗುವುದು ಹೀಗೆ. ಪ್ಲಾಸ್ಟಿಕ್, ರೆಸಿನ್ ಅಥವಾ ಬಿಳಿಲೋಹದ ಬೊಂಬೆಯ ಮೈಮೇಲೆ ಅಚ್ಚಿನ ಸಂದು ಬಿಟ್ಟ ಗೆರೆಗಳನ್ನು ಚೂರಿಯಿಂದ ಹೆರೆದು, ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಪ್ರೈಮರಿನ ತೆಳುವಾದ ಲೇಪವೊಂದನ್ನು ಕೊಡಬೇಕು. ಇದಿಲ್ಲದಿದ್ದರೆ ಮೇಲಣ ಬಣ್ಣವು ಬೆರಳು ತಗುಲಿದೊಡನೆ ಎದ್ದುಬರುತ್ತದೆ. ಬಳಿಕ ಅಕ್ರಿಲಿಕ್ ಬಣ್ಣವನ್ನು ನೀರಿನಿಂದ ತೆಳುಮಾಡಿ ಎರಡು ಮೂರು ಸಲ ಬಳಿಯುವುದು. ಅದಕ್ಕಾಗಿಯೇ ತಯಾರಾದ ವಿದೇಶೀ ಬಣ್ಣಗಳಿದ್ದರೂ, ಸ್ಟೇಷನರಿ ಅಂಗಡಿಯ ಫೆವಿಕ್ರಿಲ್ ಸೀಸೆಗಳಿಂದ ಆರಂಭಿಸುವವನಿಗೆ ಕೊರತೆಯೇನೂ ಆಗದು. ಮೂಲವರ್ಣ ಒಣಗಿದ ಮೇಲೆ, ನೀರಿನಂತೆ ತೆಳುವಾದ ಕಪ್ಪುಗಂದು ಬಣ್ಣವನ್ನು ಮೈಮೇಲೆಲ್ಲ ಹರಿಯಬಿಟ್ಟರೆ ಅದು ಮಡಿಕೆಗಳ ತಗ್ಗಿನಲ್ಲಿ ತಾನಾಗಿ ನೆಲೆನಿಂತು ನೆರಳಾಗುತ್ತದೆ. ಕುಂಚವನ್ನು ಬಟ್ಟೆಗೆ ಒರಸಿ, ಇಲ್ಲವೆಂಬಷ್ಟು ಬಣ್ಣವುಳಿದ ತುದಿಯನ್ನು ಉಬ್ಬುಗಳ ಮೇಲೆ ಲಘುವಾಗಿ ಆಡಿಸಿದರೆ ಅದು ಬೆಳಕಾಗುತ್ತದೆ. ಇಷ್ಟು ಚಿಕ್ಕ ಬೊಂಬೆಯ ಮೇಲೆ ಸಹಜವಾದ ಬೆಳಕು ಬಿದ್ದರೆ ಸಾಕಷ್ಟು ನೆರಳು ಹುಟ್ಟುವುದಿಲ್ಲವಾದುದರಿಂದ, ನೆರಳನ್ನು ಬಣ್ಣದಿಂದಲೇ ಬರೆಯಬೇಕಾಗುತ್ತದೆ. ಕಣ್ಣು ಬರೆಯಬೇಕೇ ಬೇಡವೇ ಎಂಬುದು ಹವ್ಯಾಸಿಗಳಲ್ಲಿ ಬಗೆಹರಿಯದ ವ್ಯಾಜ್ಯ. ಬಿಳಿಯ ಚುಕ್ಕೆ ಕೂದಲೆಳೆಯಷ್ಟು ದೊಡ್ಡದಾದರೂ ವೀರನು ಬೆದರಿದವನಂತೆ ಕಾಣುವನಾಗಿ, ಹೆಲ್ಮೆಟ್ಟಿನ ಅಂಚಿನ ನೆರಳಿನಲ್ಲಿ ಕಣ್ಣನ್ನು ಮರೆಸಿಬಿಡುವುದೇ ಲೇಸೆಂದು ನನ್ನ ಮತ. ಪೀಠಕ್ಕೆ ಫೆವಿಕಾಲ್ ಸವರಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದ ಮಣ್ಣನ್ನು ಉದುರಿಸುವುದು ಕೊನೆಯ ಕೆಲಸ.

ಹೀಗೆ ಸಿದ್ಧವಾದ ಬೊಂಬೆಯನ್ನು ಜೀವಂತ ಸೈನಿಕನೆಂದು ತೋರುವಂತೆ ಚಿತ್ರಿಸುವ ಛಾಯಾಗ್ರಹಣದ ಕಷ್ಟ ಬೇರೆ ಬಗೆಯದು. ಸಮೀಪದ ವಸ್ತುವಿಗೆ ಲೆನ್ಸನ್ನು ಒಡ್ಡಿದಾಗ ಮೂಗು ಸ್ಪಷ್ಟವಾದರೆ ಕಿವಿ ಮಸುಕಾಗುತ್ತದೆ. ಆ ಮಸುಕನ್ನು ಕಂಡೊಡನೆಯೇ ನೋಡುವವನ ಮನಸ್ಸು ‘ಇದು ಬೊಂಬೆ’ ಎಂದು ತೀರ್ಪಿತ್ತುಬಿಡುತ್ತದೆ. ಆದಕಾರಣ ಅಪರ್ಚರನ್ನು ಕಿರಿದಾಗಿಸಿ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಶ್ಚಲವಾಗಿಟ್ಟು, ದೀರ್ಘವಾದ ಬೆಳಕು ಕೊಟ್ಟು, ಹತ್ತಿರದ ಸೈನಿಕನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಫುಟವಾಗುವಂತೆ ನೋಡಿಕೊಳ್ಳಬೇಕು. ಬಿಸಿಲನ್ನು ಬೆಣ್ಣೆಕಾಗದದಿಂದ ಸೋಸಿ ಮೃದುವಾಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಿಂತು ಮೇಲಿನಿಂದ ನೋಡುವ ನಮ್ಮ ಸಹಜವಾದ ದರ್ಪವನ್ನು ಬಿಟ್ಟು, ಲೆನ್ಸನ್ನು ಆ ಬೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಸಬೇಕು.

ಛತ್ರಿ ಸೈನಿಕನಾದರೋ ನೆಲದ ಮೇಲೆ ನಿಲ್ಲುವವನಲ್ಲ, ಆಕಾಶದಿಂದ ಇಳಿಯುವವನು. ಅವನ ನೈಜ ಛತ್ರಿಯ ವ್ಯಾಸ 28 ಅಡಿ. 28 ಮಿಲಿಮೀಟರಿನ ಬೊಂಬೆಗೆ ರೂಢಿಯಾದ 56ನೆಯ ಒಂದು ಪ್ರಮಾಣದಲ್ಲಿ ಅದು ಆರು ಅಂಗುಲವಾಗುತ್ತದೆ. ಇದನ್ನು ತೂಗಿಬಿಡಲು ಬೇಕಾದ, ಕ್ಯಾಮೆರಾದ ಕಣ್ಣಿಗೆ ಬೀಳದ ದಾರವೊಂದನ್ನು ಲೋಕದಲ್ಲೆಲ್ಲ ಅರಸಬೇಕಾಗಿಲ್ಲ, ಅದು ಶಿಡ್ಲಘಟ್ಟದಲ್ಲಿದೆ. ಅಲ್ಲಿನ ಒಂದು ಒಳ್ಳೆಯ ರೇಷ್ಮೆಗೂಡಿನಲ್ಲಿ ಸಾವಿರ ಮೀಟರಿನಷ್ಟು ಅಖಂಡವಾದ ಎಳೆಯಿರುತ್ತದೆ. ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ರೀಲರುಗಳು ತೆಗೆಯುವ 20-22 ಡೆನಿಯರಿನ ಹಸಿನೂಲು 9000 ಮೀಟರಿಗೆ 20-22 ಗ್ರಾಂ ಮಾತ್ರ ತೂಗುವಷ್ಟು ಸೂಕ್ಷ್ಮವಾದರೂ, ಪ್ಲಾಸ್ಟಿಕ್ ಸೈನಿಕನನ್ನೂ ಅವನ ಕಾಗದದ ಛತ್ರಿಯನ್ನೂ ನಿರಾಯಾಸವಾಗಿ ಹೊರಬಲ್ಲದು. ಇದು ಬರಿಯ ಚಮತ್ಕಾರವೂ ಅಲ್ಲ. 1941ರಲ್ಲಿ ಜಪಾನು ಯುದ್ಧಕ್ಕಿಳಿದು ಅದರ ರೇಷ್ಮೆಯು ಮಿತ್ರರಾಷ್ಟ್ರಗಳಿಗೆ ಇಲ್ಲವಾದಾಗ, ಪ್ಯಾರಾಶೂಟಿನ ಬಟ್ಟೆಗಾಗಿ ಮೈಸೂರು ಸಂಸ್ಥಾನದ ರೇಷ್ಮೆಗೂ ಬೇಡಿಕೆ ಬಂದಿತು. ಆದರೆ ಚರಕದ ನೂಲು ಏಕಪ್ರಕಾರವಾಗಿರದ ಕಾರಣ, ನೂಲು ತೆಗೆಯುವ ಕಾರ್ಖಾನೆಯಾದ ಫಿಲೇಚರಿನ ನೂಲಿಗೇ ಮಾನ್ಯತೆ ದೊರೆಯಿತು. ಬರ್ಮಾದ ರಣರಂಗದಲ್ಲಿ ರೇಷ್ಮೆಯೂ ಸಾಲದೆ, ಅಲ್ಲಿನ ಬ್ರಿಟಿಷ್ ಸೇನಾನಿ ಜನರಲ್ ಸ್ಲಿಮ್ ಬಂಗಾಳದ ಸೆಣಬಿನಿಂದಲೇ ಛತ್ರಿಗಳನ್ನು ಹೊಲಿಸಿ ಸೇನೆಗೆ ಬೇಕಾದ ಸಾಮಗ್ರಿಗಳನ್ನು ಇಳಿಸಿದನು. ಮನುಷ್ಯನಿಗೆ ರೇಷ್ಮೆ, ಅಕ್ಕಿಮೂಟೆಗೆ ಗೋಣಿ!

ಬೊಂಬೆಯ ಚಿತ್ರವು ನೋಡುವವನನ್ನು ವಂಚಿಸುವುದೆಂದು ಆಕ್ಷೇಪಿಸುವವರಿಗೆ, ನಿಜವಾದ ಯುದ್ಧವೂ ಇದೇ ವಿದ್ಯೆಯನ್ನು ಬಳಸಿತೆಂದು ನೆನಪಿಸಬೇಕು. 1944ರ ಜೂನ್ 5-6ರ ರಾತ್ರಿ, ನಾರ್ಮಂಡಿಯ ಆಕ್ರಮಣಕ್ಕೆ ಮುನ್ನ, ಗೋಣಿಬಟ್ಟೆಯಲ್ಲಿ ಹೊಲಿದ ನೂರಾರು ಬೊಂಬೆಗಳನ್ನು ಛತ್ರಿ ಕಟ್ಟಿ ಇಳಿಸಿ ಜರ್ಮನರನ್ನು ದಿಕ್ಕು ತಪ್ಪಿಸಲಾಯಿತು. ಜೊತೆಗಿಳಿದ ಬೆರಳೆಣಿಕೆಯ ಸೈನಿಕರು ಗುಂಡಿನ ಸದ್ದಿನ ಧ್ವನಿಮುದ್ರಣವನ್ನು ನುಡಿಸಿದರು. 1971ರ ಬಾಂಗ್ಲಾ ಯುದ್ಧದಲ್ಲಿ, ಡಿಸೆಂಬರ್ 11ರಂದು, ನಮ್ಮ ಎರಡನೆಯ ಪ್ಯಾರಾ ಬಟಾಲಿಯನ್ನು ಟಾಂಗೈಲಿನ ಬಳಿ ಪೂಂಗ್ಲಿ ಸೇತುವೆಯನ್ನು ಹಿಡಿಯಲು ಇಳಿದಾಗ ಪತ್ರಿಕೆಗಳಿಗೆ ಹೋದ ಛಾಯಾಚಿತ್ರವಾದರೋ ಹಿಂದಿನದೊಂದು ಅಭ್ಯಾಸದಲ್ಲಿ ತೆಗೆದದ್ದು. ಅದರಲ್ಲಿ ಆಕಾಶ ತುಂಬ ಛತ್ರಿಗಳಿದ್ದುದರಿಂದ, ಇಳಿದದ್ದು ಒಂದು ಬ್ರಿಗೇಡೇ ಎಂದು ಲೋಕ ನಂಬಿತು. ಐದು ದಿನಗಳಲ್ಲಿ ಢಾಕಾ ಶರಣಾಯಿತು.

ಇಷ್ಟಾದರೂ ಈ ಹವ್ಯಾಸದ ಬೊಂಬೆಗಳಲ್ಲಿ ಬಹುಪಾಲು ಬ್ರಿಟಿಷ್, ಅಮೆರಿಕನ್, ಜರ್ಮನ್ ಮುಖಗಳೇ. ಬಣ್ಣದ ಕೈಪಿಡಿಗಳೂ ಬಿಳಿಯ ಮೈಬಣ್ಣವನ್ನೇ ಮೊದಲು ಕಲಿಸುತ್ತವೆ. ಆಮದು ಸುಂಕವೂ ಅಂಚೆಯ ವೆಚ್ಚವೂ ಸೇರಿ ಒಂದು ಪೆಟ್ಟಿಗೆಯ ಬೆಲೆ ಮಧ್ಯಮವರ್ಗದ ಹುಡುಗನ ಕೈಗೆ ಎಟಕುವಂತಿಲ್ಲ. ಅವನು ಹಾಗೂ ಹೀಗೂ ಒಂದನ್ನು ತರಿಸಿಕೊಂಡನೆಂದರೆ, ಬಣ್ಣ ಹಚ್ಚಲು ನಾನು ಸೂಚಿಸುವ ಮೊದಲ ವ್ಯಕ್ತಿ ಡಾಕ್ಟರ್ ಎ. ಜಿ. ರಂಗರಾಜ್.

1941ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ 50ನೆಯ ಭಾರತೀಯ ಪ್ಯಾರಾಶೂಟ್ ಬ್ರಿಗೇಡ್ ರಚಿತವಾಯಿತು. ವಿಮಾನದಿಂದ ಧುಮುಕಿದ ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್ ಇವರು ಭಾರತೀಯ ಛತ್ರಿ ಸೈನಿಕರಲ್ಲಿ ಮೊದಲಿಗರು; ಅವರಲ್ಲೊಬ್ಬರು ಕೊಲ್ಲುವುದಕ್ಕಲ್ಲದೆ ಬದುಕಿಸುವುದಕ್ಕೆ ನೇಮಕವಾದ ವೈದ್ಯರಾಗಿದ್ದರೆಂಬುದು ನನಗೆ ಎಷ್ಟು ಸಲ ನೆನೆದರೂ ಹಿತವೆನಿಸುವ ವಿಚಾರ. ಮುಂದೆ ರಂಗರಾಜರು ಲೆಫ್ಟಿನೆಂಟ್ ಕರ್ನಲ್ ಆಗಿ 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ತುಕಡಿಯನ್ನು 1950ರಲ್ಲಿ ಕೊರಿಯಾಕ್ಕೆ ಕರೆದೊಯ್ದರು. 1951ರ ಮಾರ್ಚ್ 23ರಂದು ಮುನ್ಸಾನ್‌ನಲ್ಲಿ ಅಮೆರಿಕದ ಛತ್ರಿ ಸೇನೆಯೊಡನೆ ತಮ್ಮ ಶಸ್ತ್ರವೈದ್ಯರ ತಂಡವನ್ನು ಕಟ್ಟಿಕೊಂಡು ಧುಮುಕಿದರು. ಮಹಾವೀರ ಚಕ್ರವನ್ನು ಪಡೆದರು. ಈ ಬೊಂಬೆಗೆ ಬಂದೂಕು ಬೇಡ. ಕೈಯ ಆಯುಧವನ್ನು ಕತ್ತರಿಸಿ, ಮೇಣದಂಥ ಪುಟ್ಟಿಯಿಂದ ಔಷಧಿಯ ಚೀಲವೊಂದನ್ನು ಮೆತ್ತಿ, ಮುಖಕ್ಕೆ ಕಂದುಬಣ್ಣದ ತಳ ಕೊಟ್ಟು, ಕೆನ್ನೆಗೂ ಮೂಗಿಗೂ ತುಸು ಕಾವಿ ಬೆರೆಸಿದ ಬೆಳಕನ್ನು ಕೊಡುವುದು. ಶಿರಸ್ಸಿಗೆ ಮರೂನ್ ಟೋಪಿ. ಆ ಟೋಪಿಯನ್ನು ತೊಟ್ಟವರು ಇಂದಿಗೂ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿರುವ ಬೆಂಗಳೂರಿನಲ್ಲಿ, ಎಂದರೆ ನಮ್ಮ ಚಿಕ್ಕಬಳ್ಳಾಪುರದಿಂದ ಒಂದೆರಡು ಗಂಟೆಯ ದಾರಿಯಲ್ಲಿ, ಕಾಣಸಿಗುತ್ತಾರೆ. ಬಣ್ಣದ ಛಾಯೆಯಲ್ಲಿ ಸಂದೇಹ ಬಂದರೆ ಕಣ್ಣಾರೆ ನೋಡಿ ಬರಬಹುದು.

ರಂಗರಾಜರ ತುಕಡಿಯ ಇನ್ನೊಂದು ಪ್ರಸಂಗವನ್ನಂತೂ ಮೇಜಿನ ಮೇಲೆ ಕಟ್ಟಿ ನೋಡಲೇಬೇಕು. 1950ರ ಡಿಸೆಂಬರಿನಲ್ಲಿ ಚೀನೀ ಸೇನೆ ನುಗ್ಗಿಬರುತ್ತಿರಲು ಪ್ಯೊಂಗ್‌ಯಾಂಗ್ ನಗರವನ್ನು ಎಲ್ಲರೂ ತೆರವು ಮಾಡುತ್ತಿದ್ದರು. ವಾಹನಗಳಿಲ್ಲದ ಈ ವೈದ್ಯರು ಔಷಧಿ ಉಪಕರಣಗಳನ್ನು ಬಿಟ್ಟುಹೋಗಲೊಲ್ಲದೆ, ದಿಕ್ಕಿಲ್ಲದೆ ನಿಂತಿದ್ದ ಉಗಿಬಂಡಿಯೊಂದನ್ನೂ ಕೆಲವು ಡಬ್ಬಿಗಳನ್ನೂ ಹಿಡಿದು, ಸಾಲಾಗಿ ನಿಂತು ಬಕೆಟ್ಟಿನಿಂದ ಬಕೆಟ್ಟಿಗೆ ನೀರು ದಾಟಿಸಿ ಬಾಯ್ಲರನ್ನು ತುಂಬಿ, ತಮ್ಮವರಲ್ಲೇ ಎಂಜಿನ್ನು ನಡೆಸಬಲ್ಲವರನ್ನು ಹುಡುಕಿ, ದಕ್ಷಿಣಕ್ಕೆ ಓಡಿಸಿಕೊಂಡು ಬಂದರು. ಬೆಂಕಿಯ ಕೆಂಪು ಬೆಳಕನ್ನು ಸೈನಿಕರ ಮುಖದ ಒಂದೇ ಪಾರ್ಶ್ವದಲ್ಲಿ ಬರೆಯಬೇಕಾದ ಈ ದೃಶ್ಯಕ್ಕೆ, ಉಗಿ ಎಂಜಿನ್ನಿನ ಮಸಿ ಎಲ್ಲಿ ಕೂರುತ್ತದೆ, ನೀರಿನ ತೊಟ್ಟಿಯ ಬಾಯಿ ಎಲ್ಲಿರುತ್ತದೆ, ತುಕ್ಕು ಯಾವ ಸಂದಿನಿಂದ ಇಳಿಯುತ್ತದೆ ಎಂಬುದನ್ನೆಲ್ಲ ತಿಳಿದವರ ನೆರವು ಬೇಕು. ಬ್ರಾಡ್‌ಗೇಜ್ ಬರುವ ಮುನ್ನ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಗಳ ಮೇಲೆ ಕೋಲಾರಕ್ಕೆ ಹೋಗುತ್ತಿದ್ದ ನ್ಯಾರೋಗೇಜ್ ರೈಲಿನ ಪುಟ್ಟ ಉಗಿ ಎಂಜಿನ್ನುಗಳು ನೀರು ಕುಡಿಯುವುದನ್ನು ಹತ್ತಿರದಿಂದ ಕಂಡ ಹಿರಿಯರು ಈ ಊರುಗಳಲ್ಲಿ ಇನ್ನೂ ಕೆಲವರಿದ್ದಾರೆ. ಎಳೆಯ ಹವ್ಯಾಸಿಯೊಬ್ಬನು ಅಂಗೈಯಗಲದ ಎಂಜಿನ್ನನ್ನು ಅವರ ಮುಂದಿಟ್ಟು ಕೇಳುವ ದಿನ ಬೇಗ ಬರಬೇಕು. ಮಸಿಯ ಬಣ್ಣದ ಬಗ್ಗೆ ಪ್ರಶ್ನೆ ಕೇಳಿಸಿಕೊಂಡು ಅವರಿಗೆ ಬಹಳ ವರ್ಷಗಳಾಗಿವೆ.