ಬೆಂಕಿ ಹೊತ್ತು ಸಾಗುವವನಿಗೆ ಮೂರು ದಿನದ ಪಾಠ

ಮಂಗಳೂರಿನಿಂದ ಶಿರಾಡಿ ಘಾಟಿಯತ್ತ ಸಾಲುಗಟ್ಟಿ ಸಾಗುವ ಟ್ಯಾಂಕರುಗಳನ್ನು ನೋಡದವರು ಕಡಿಮೆ. ಆದರೆ ಅವುಗಳ ಬೆನ್ನ ಮೇಲಿನ ಅಂಕಿಗಳನ್ನು ಓದಿದವರೆಷ್ಟು ಮಂದಿ? 1075 ಎಂದಿದ್ದರೆ ಅಡುಗೆ ಅನಿಲ, 1203 ಪೆಟ್ರೋಲ್, 1005 ಅಮೋನಿಯ, 1017 ಕ್ಲೋರಿನ್. ವಿಶ್ವಸಂಸ್ಥೆಯ ತಜ್ಞರ ಸಮಿತಿ ಗೊತ್ತುಮಾಡಿದ ಸಂಖ್ಯೆಗಳಿವು. ಈ ಗುರುತುಗಳ ಫಲಕ ಟ್ಯಾಂಕರಿನ ಎರಡೂ ಪಕ್ಕ ಹಾಗೂ ಹಿಂಬದಿಯಲ್ಲಿ ಇರಲೇಬೇಕು.

ಇಂಥ ವಾಹನ ಓಡಿಸಲು ಲಾರಿಯ ಲೈಸೆನ್ಸ್ ಒಂದೇ ಸಾಲದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 9ನೆಯದು ಹೇಳುವಂತೆ, ಚಾಲಕನಿಗೆ ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆಯ ಜತೆಗೆ ಇಂಗ್ಲಿಷ್ ಓದು-ಬರಹವೂ ತಿಳಿದಿರಬೇಕು. ರಾಜ್ಯ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಮೂರು ದಿನ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಬೇಕು. ಮೊದಲೆರಡು ದಿನ ಚಾಲನೆಯ ಎಚ್ಚರಗಳು: ಬ್ರೇಕ್ ಹಾಕಿದ ಮೇಲೆ ವಾಹನ ಎಷ್ಟು ದೂರ ಹೋಗಿ ನಿಲ್ಲುತ್ತದೆ, ರಾತ್ರಿಯ ಪಯಣ, ರೈಲ್ವೆ ಗೇಟು. ಮೂರನೇ ದಿನ ಹೊತ್ತ ಸರಕಿನ ಗುಣ, ಸೋರಿಕೆ ತಡೆ, ಬೆಂಕಿ ನಂದಿಸುವಿಕೆ, ಪ್ರಥಮ ಚಿಕಿತ್ಸೆ, ಬಾವಿ-ಹೊಳೆಗಳಿಗೆ ವಿಷ ಸೇರದಂತೆ ನೋಡುವುದು. ಅಪಾಯದ ವೇಳೆ ಏನು ಮಾಡಬೇಕೆಂದು ತಿಳಿಸುವ 'ಟ್ರೆಮ್ ಕಾರ್ಡ್' ಕ್ಯಾಬಿನ್ನಿನಲ್ಲೇ ಇರಬೇಕು. ಅದನ್ನು ಓದಲಾಗದವನ ಕೈಯಲ್ಲಿ ಅದೊಂದು ಕಾಗದದ ಚೂರು ಅಷ್ಟೆ.

ಇಷ್ಟೆಲ್ಲ ಏಕೆ? ಅಡುಗೆ ಅನಿಲ ಗಾಳಿಗಿಂತ ಭಾರ. ಒಂದು ಲೀಟರ್ ದ್ರವ ಸೋರಿದರೆ ಸುಮಾರು 250 ಲೀಟರ್ ಅನಿಲವಾಗಿ ನೆಲಕ್ಕಂಟಿ ಹರಿದು, ತಗ್ಗಿನ ಮನೆ, ಚರಂಡಿಗಳನ್ನು ಸೇರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಎರಡು ಪಾಲಿನಷ್ಟಿದ್ದರೂ ಒಂದು ಕಿಡಿ ಸಾಕು. ಕೇರಳದ ಕಣ್ಣೂರು ಬಳಿಯ ಚಾಲಾದಲ್ಲಿ 2012ರ ಆಗಸ್ಟ್ 27ರ ರಾತ್ರಿ ಟ್ಯಾಂಕರ್ ರಸ್ತೆ ವಿಭಜಕಕ್ಕೆ ಬಡಿದು ಅನಿಲ ಹೊತ್ತಿ, 20 ಜನ ಪ್ರಾಣ ತೆತ್ತರು. 2013ರ ಏಪ್ರಿಲ್ 9ರಂದು ನಮ್ಮ ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲೂ ಟ್ಯಾಂಕರ್ ಉರುಳಿ, ರಸ್ತೆ ಬದಿಯ ಬದುಕುಗಳು ಸುಟ್ಟುಹೋದವು.

ಸೋರಿಕೆಯ ಮೊದಲ ನಿಮಿಷಗಳಲ್ಲಿ ಅಗ್ನಿಶಾಮಕ ದಳ ಅಲ್ಲಿರುವುದಿಲ್ಲ. ಇರುವವರು ಚಾಲಕ ಮತ್ತು ಕ್ಲೀನರ್. ಎಂಜಿನ್ ಆರಿಸಿ, ಎರಡೂ ಕಡೆ ವಾಹನ ತಡೆದು, ಜನರನ್ನು ಗಾಳಿ ಬೀಸಿ ಬರುವ ದಿಕ್ಕಿಗೆ ಸರಿಸಿ, ಮನೆಗಳ ಒಲೆ ಆರಿಸಲು ಕೂಗಿ ಹೇಳುವವರು ಅವರೇ. ಆದರೆ 9ನೇ ನಿಯಮದ ಪಾಠ ಚಾಲಕನಿಗೆ ಮಾತ್ರ. ಅವನೇ ಗಾಯಗೊಂಡು ಬಿದ್ದರೆ? ಪಕ್ಕದಲ್ಲಿ ಕುಳಿತ ಹುಡುಗನಿಗೂ ಅದೇ ಪಾಠ ಬೇಡವೇ?

2019ರ ತಿದ್ದುಪಡಿಯ ಬಳಿಕ ಈ ಲೈಸೆನ್ಸಿನ ಅವಧಿ ಒಂದು ವರ್ಷದಿಂದ ಮೂರಕ್ಕೆ ಏರಿದೆ. ಓಡಾಟ ತಗ್ಗಿತು, ನಿಜ. ಆದರೆ ಕಲಿತದ್ದನ್ನು ನೆನಪಿಸುವ ಸಂದರ್ಭಗಳೂ ವಿರಳವಾದವು.

ಪಾಠ ಚಾಲಕರಿಗಷ್ಟೇ ಸಾಲದು. ಪಾಕಿಸ್ತಾನದ ಅಹ್ಮದ್‌ಪುರ ಶರ್ಕಿಯಾ ಬಳಿ 2017ರ ಜೂನ್ 25ರಂದು ಮಗುಚಿದ ಟ್ಯಾಂಕರಿನ ಇಂಧನ ತುಂಬಿಕೊಳ್ಳಲು ಪಾತ್ರೆ ಹಿಡಿದು ಓಡಿದವರಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಹೆದ್ದಾರಿಯ ಅಂಚಿನ ಶಾಲೆಗಳಲ್ಲಿ ಮಕ್ಕಳಿಗೆ ಆ ನಾಲ್ಕು ಅಂಕಿಗಳ ಅರ್ಥ ಹೇಳಿಕೊಡಲು ಒಂದು ಗಂಟೆ ಸಾಕು. ಟ್ಯಾಂಕರ್ ಉರುಳಿದ ದಿನ ಅತ್ತ ಓಡಬೇಕೋ ಇತ್ತ ಓಡಬೇಕೋ ಎಂಬುದು ಅವರಿಗಾದರೂ ಗೊತ್ತಿರಲಿ.